ಗಾಜು ತಣ್ಣಗಾಗುವ ತನಕ

ಮಕ್ಕಳೇ, ಮನೆಯಲ್ಲಿ 25 ಕೆ.ಜಿ.ಯ ಅಕ್ಕಿ ಮೂಟೆ ಇದ್ದರೆ ಒಮ್ಮೆ ಎತ್ತಲು ನೋಡಿ. ಅಜ್ಜಿ ಗದರಿದರೆ ನನ್ನ ಹೆಸರು ಹೇಳಬೇಡಿ. ಆ ಮೂಟೆಯಲ್ಲಿ ಮೂರನೇ ಒಂದು ಭಾಗ ಅಕ್ಕಿ ತೆಗೆದ ಮೇಲೆ ಉಳಿಯುವಷ್ಟು ಭಾರದ ಕ್ಯಾಮೆರಾ ಲೆನ್ಸ್ ಒಂದಿದೆ ಎಂದರೆ ನಂಬುತ್ತೀರಾ? ಕ್ಯಾಮೆರಾ ಬೇರೆ, ನಾನು ಹೇಳುತ್ತಿರುವುದು ಬರೀ ಲೆನ್ಸ್. ಜಪಾನಿನ ಕ್ಯಾನನ್ ಕಂಪನಿ 1993ರಲ್ಲಿ ಮಾರಾಟಕ್ಕಿಟ್ಟ 1200 ಮಿ.ಮೀ. ಲೆನ್ಸ್ ಅದು. ತೂಕ 16.5 ಕೆ.ಜಿ. ಬೆಲೆ 98 ಲಕ್ಷ ಯೆನ್. ಇಷ್ಟು ದುಡ್ಡು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ‘ಒಂದು ಕೊಡಿ’ ಎಂದರೂ ಸಿಗುತ್ತಿರಲಿಲ್ಲ. ಮೊದಲು ಆರ್ಡರ್ ಬರೆಸಬೇಕು, ಆಮೇಲೆ ಅದನ್ನು ಮಾಡಲು ಕೂರುತ್ತಿದ್ದರು. ಬರೆಸಿದವರು ವರ್ಷಕ್ಕೂ ಮೇಲೆ ಕಾಯಬೇಕಿತ್ತು.

‘ದುಡ್ಡು ಕೊಟ್ಟರೂ ಯಾಕೆ ತಾತ ಸಿಗಲ್ಲ?’ ಎಂದು ನಮ್ಮ ಬೀದಿಯ ಏಳನೇ ಕ್ಲಾಸಿನ ಹುಡುಗನೊಬ್ಬ ಕೇಳಿದ. ಅವನ ತಲೆಮಾರಿಗೆ ಇದು ವಿಚಿತ್ರವೇ. ಬೆಳಿಗ್ಗೆ ಮೊಬೈಲಿನಲ್ಲಿ ಒತ್ತಿದರೆ ಸಂಜೆಗೆ ಚಪ್ಪಲಿ ಬಾಗಿಲಿಗೆ ಬರುತ್ತದೆ. ನನ್ನ ವಯಸ್ಸಿನವರಿಗೆ ವಿಚಿತ್ರವಲ್ಲ. ನಾನು ಬ್ಯಾಂಕಿಗೆ ಸೇರಿದ್ದು 1974ರಲ್ಲಿ. ಆಗ ಸ್ಕೂಟರ್ ಬುಕ್ ಮಾಡಿದವರು ಅದು ಮನೆಗೆ ಬರುವ ಹೊತ್ತಿಗೆ ಹಿಂದೆ ಕೂರಲು ಹೆಂಡತಿಯೂ ಮುಂದೆ ನಿಲ್ಲಲು ಮಗನೂ ಬಂದಿರುತ್ತಿದ್ದರು. ಟೆಲಿಫೋನಿಗೆ ವರ್ಷಗಟ್ಟಲೆ, ಗ್ಯಾಸಿಗೆ ವರ್ಷಗಟ್ಟಲೆ. ನಮ್ಮ ಶಾಖೆಯಲ್ಲೊಬ್ಬರು ಸ್ಕೂಟರಿನ ಅಲಾಟ್‌ಮೆಂಟ್ ಪತ್ರವನ್ನು ಮಗಳ ಜಾತಕದ ಜೊತೆ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದರು. ಎರಡಕ್ಕೂ ಒಳ್ಳೆಯ ಬೆಲೆ ಬಂತು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಹುಡುಗನ ಪ್ರಶ್ನೆಗೆ ಬರೋಣ. ಒಳ್ಳೆಯ ಲೆನ್ಸಿಗೆ ಕಾಯುವ ಕಾಲದಲ್ಲಿ ಎರಡು ಬಗೆ ಇದೆ. ಒಂದು, ಗಾಜು ತಾನಾಗಿ ಕೇಳುವ ಕಾಲ. ಇನ್ನೊಂದು, ಮನುಷ್ಯರು ಸೇರಿಸುವ ಕಾಲ. ನಾನು ಲೆಕ್ಕ ಓದಿದವನಾದ್ದರಿಂದ ಇವೆರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದರೆ ನನಗೆ ಸಮಾಧಾನವಿಲ್ಲ.

ಮೊದಲು ಗಾಜಿನದು. ದೂರದ ಕೊಂಬೆಯ ಮೇಲೆ ಕೂತ ಹಕ್ಕಿಯ ಚಿತ್ರ ತೆಗೆಯಬೇಕು, ಅದೂ ಬೆಳಕು ಸರಿಯಾಗಿ ಹರಿಯದ ಮುಂಜಾನೆ. ಮಳೆ ಸಣ್ಣಗೆ ಹನಿಯುವಾಗ ಲೋಟ ಇಟ್ಟರೆ ತುಂಬುವುದಿಲ್ಲ, ಅಗಲದ ಕೊಳಗ ಇಟ್ಟರೆ ನಾಲ್ಕು ಚೊಂಬು ನೀರಾದರೂ ಸಿಗುತ್ತದೆ. ಬೆಳಕೂ ಹಾಗೆಯೇ. ದೂರದ್ದನ್ನು ಹತ್ತಿರ ತರಬೇಕು, ಬೆಳಕನ್ನೂ ಹೆಚ್ಚು ಹಿಡಿಯಬೇಕು ಎಂದರೆ ಮುಂದಿನ ಗಾಜು ಅಗಲವಾಗಲೇಬೇಕು. ಆ ದೊಡ್ಡ ಲೆನ್ಸಿನ ಮೇಲೆ ಎಫ್ 5.6 ಎಂದು ಬರೆದಿದೆ. 1200ನ್ನು 5.6ರಿಂದ ಭಾಗಿಸಿ ನೋಡಿ. ಸುಮಾರು 214 ಮಿ.ಮೀ. ಬರುತ್ತದೆ. ತಿಂಡಿ ತಟ್ಟೆಯಷ್ಟು ಅಗಲದ ಗಾಜು, ಒಳಗೆಲ್ಲೂ ಗುಳ್ಳೆ ಇಲ್ಲ, ಗೆರೆ ಇಲ್ಲ, ಒಂದು ಕಡೆ ಗಟ್ಟಿ ಇನ್ನೊಂದು ಕಡೆ ತೆಳು ಎಂಬುದಿಲ್ಲ.

ಅಂಥ ಗಾಜನ್ನು ಕುಲುಮೆಯಲ್ಲಿ ಕರಗಿಸಿ, ಚೆನ್ನಾಗಿ ಕದಡಿ, ಅಚ್ಚಿಗೆ ಹಾಕಿ, ಬಹಳ ನಿಧಾನವಾಗಿ ತಣಿಸಬೇಕು. ಲಾಟೀನು ನೋಡಿದ ಅಜ್ಜ ಅಜ್ಜಿಯರನ್ನು ಕೇಳಿ. ಉರಿಯುವ ಲಾಟೀನಿನ ಬುರುಡೆಗೆ ಒಂದು ಹನಿ ತಣ್ಣೀರು ಬಿದ್ದರೆ ಏನಾಗುತ್ತಿತ್ತು? ಟಪ್ಪೆಂದು ಸೀಳುತ್ತಿತ್ತು. ಗಾಜಿನ ಹೊರಮೈ ಬೇಗ ತಣಿದು ಒಳಗೆ ಬಿಸಿ ಉಳಿದರೆ ಒಳಗೊಳಗೇ ಎಳೆದಾಟ ಶುರುವಾಗುತ್ತದೆ. ಒಡೆಯದೆ ಉಳಿದರೂ ಆ ಎಳೆದಾಟ ಗಾಜಿನಲ್ಲಿ ಹಾಗೇ ಕೂತು ಬೆಳಕನ್ನು ಅಡ್ಡದಾರಿಗೆ ಎಳೆಯುತ್ತದೆ. ಅದಕ್ಕೇ ದೊಡ್ಡ ಗಾಜಿನ ತುಂಡುಗಳನ್ನು ದಿನಗಳ ಕಾಲ, ಕೆಲವು ಸಲ ವಾರಗಳ ಕಾಲ, ಸ್ವಲ್ಪ ಸ್ವಲ್ಪವೇ ಕಾವು ಇಳಿಸುತ್ತಾ ತಣಿಸುತ್ತಾರೆ. ಇಲ್ಲಿ ಮ್ಯಾನೇಜರ್ ಬಂದು ‘ಬೇಗ ಆಗಲಿ’ ಎಂದು ಕೂಗಿದರೆ ಪ್ರಯೋಜನವಿಲ್ಲ. ಓವರ್‌ಟೈಮ್ ಕೊಟ್ಟರೂ ಗಾಜು ಕೆಲಸ ಮಾಡುವುದಿಲ್ಲ.

ಗಾಜಿಗಿಂತ ಹಟಮಾರಿ ವಸ್ತುವೊಂದಿದೆ, ಫ್ಲೋರೈಟ್ ಎಂಬ ಹರಳು. ಮಾಮೂಲು ಗಾಜು ಬೆಳಕನ್ನು ಬಾಗಿಸುವಾಗ ಬಣ್ಣಗಳನ್ನು ಕೊಂಚ ಬೇರೆ ಬೇರೆ ಮಾಡಿಬಿಡುತ್ತದೆ, ಅಗ್ಗದ ದುರ್ಬೀನಿನಲ್ಲಿ ಬೆಳ್ಳಕ್ಕಿಯನ್ನು ನೋಡಿದರೆ ಅದರ ಅಂಚಿಗೆ ನೇರಳೆ ಗೆರೆ ಕಾಣುವುದು ಅದಕ್ಕೇ. ಫ್ಲೋರೈಟ್ ಸೇರಿಸಿದರೆ ಆ ಗೆರೆ ಬಹುಮಟ್ಟಿಗೆ ಹೋಗುತ್ತದೆ. ಇದನ್ನು ಕಂಡುಕೊಂಡವರು ಜರ್ಮನಿಯ ಯೇನಾ ಊರಿನ ಅರ್ನ್ಸ್ಟ್ ಅಬ್ಬೆ. ಕಾರ್ಲ್ ಜೈಸ್ ಅವರ ಜೊತೆ ಸೂಕ್ಷ್ಮದರ್ಶಕ ಮಾಡುತ್ತಿದ್ದವರು. 1886ರಲ್ಲಿ ಅವರು ಹೊಸ ಬಗೆಯ ಮಸೂರಗಳನ್ನು ಹೊರತಂದಾಗ ಒಳಗೆ ಫ್ಲೋರೈಟ್ ಇದೆ ಎಂಬುದನ್ನು ಗುಟ್ಟಾಗಿಟ್ಟಿದ್ದರು. ಯಾಕೆಂದರೆ ಮಸೂರಕ್ಕೆ ಆಗುವಂಥ ತಿಳಿಯಾದ ಹರಳು ನೆಲದಲ್ಲಿ ಸಿಗುವುದೇ ಅಪರೂಪ. ಸ್ವಿಟ್ಜರ್ಲೆಂಡಿನ ಬ್ರಿಯೆನ್ಜ್ ಊರಿನ ಮೇಲಿನ ಬೆಟ್ಟಗಳಲ್ಲಿ ಹಿಂದೆ ಯಾವಾಗಲೋ ಒಳ್ಳೆಯ ಹರಳು ಸಿಕ್ಕಿತ್ತೆಂಬ ಸುದ್ದಿ ಹಿಡಿದು ಪ್ರೊಫೆಸರ್ ಸಾಹೇಬರು ತಾವೇ ಅಲ್ಲಿಗೆ ಹೋಗಿ ಹುಡುಕಾಡಿದರು. ಲೆನ್ಸಿನ ಸರಕಿಗೆ ಬರ ಎಂಬುದು ನಿನ್ನೆ ಮೊನ್ನೆಯದಲ್ಲ ನೋಡಿ.

ಸಿಕ್ಕ ಹರಳುಗಳೂ ಸಣ್ಣವು. ಸೂಕ್ಷ್ಮದರ್ಶಕಕ್ಕೆ ಸಾಕು, ಕ್ಯಾಮೆರಾ ಲೆನ್ಸಿಗೆ ಸಾಲವು. ದೊಡ್ಡದು ಬೇಕೆಂದರೆ ಬೆಳೆಸಬೇಕು. ಕ್ಯಾನನ್‌ನವರು ಹಾಗೆ ಬೆಳೆಸಿದ ಹರಳಿನ ಲೆನ್ಸನ್ನು 1969ರಲ್ಲಿ ಮಾರಾಟಕ್ಕೆ ತಂದರು. ಹರಳು ಬೆಳೆಸುವುದು ಹೇಗೆ? ಕಲ್ಲುಸಕ್ಕರೆ ಮಾಡುವುದನ್ನು ನೆನೆಸಿಕೊಳ್ಳಿ. ಪಾಕಕ್ಕೆ ದಾರ ಇಳಿಬಿಟ್ಟು ಅಲುಗಾಡಿಸದೆ ಬಿಟ್ಟರೆ ದಿನದಿಂದ ದಿನಕ್ಕೆ ದಪ್ಪ ಹರಳು ಕಟ್ಟುತ್ತದೆ. ಅದೇ ಪಾಕವನ್ನು ಕುದಿಸಿ ಗರಗರ ತಿರುವಿದರೆ ಸಿಗುವುದು ಪುಡಿ. ಫ್ಲೋರೈಟನ್ನು ಗಾಳಿ ತೆಗೆದ ಕುಲುಮೆಯಲ್ಲಿ ಸುಮಾರು 1400 ಡಿಗ್ರಿ ಕಾವಿನಲ್ಲಿ ಕರಗಿಸಿ, ಆಮೇಲೆ ಕಲ್ಲುಸಕ್ಕರೆಯ ತಾಳ್ಮೆಯಲ್ಲೇ ತಣಿಸುತ್ತಾರೆ. ಬೆಳೆದ ಮೇಲೂ ಅದು ಮೆದು ಜಾತಿ, ಉಜ್ಜುವಾಗ ಬೇಗ ಗೀರು ಬೀಳುತ್ತದೆ. ಬಿಸಿಲಿಗೆ ಹಿಗ್ಗುವ ಗುಣ ಬೇರೆ. ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕೂತ ಛಾಯಾಗ್ರಾಹಕರ ಉದ್ದ ಲೆನ್ಸುಗಳಲ್ಲಿ ಕೆಲವು ಬಿಳಿ ಬಣ್ಣದವು ಇರುವುದನ್ನು ಟಿ.ವಿ.ಯಲ್ಲಿ ನೋಡಿದ್ದೀರಲ್ಲ? ಬಿಳಿ ಬಣ್ಣ ಶೋಕಿಗಲ್ಲ, ಒಳಗಿನ ಹರಳು ಕಾಯದಿರಲಿ ಎಂದು.

ಇಲ್ಲಿಗೆ ಮೊದಲ ಕಾಲಮ್ಮು ಮುಗಿಯಿತು. ಈ ಕಾಲವನ್ನು ಯಾರೂ ಬಡ್ಡಿ ಕೊಟ್ಟು ಕೊಳ್ಳಲಾಗದು.

ಎರಡನೆಯದು ಮನುಷ್ಯರ ಲೋಕದ್ದು. ಅದರಲ್ಲೂ ಕೆಲವು ಯಾರ ಕೈಯಲ್ಲೂ ಇಲ್ಲದವು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪವಾಯಿತು, ಸುನಾಮಿ ಬಂತು. ಕ್ಯಾನನ್‌ನ ಲೆನ್ಸುಗಳು ತಯಾರಾಗುವ ಉತ್ಸುನೊಮಿಯಾ ಕಾರ್ಖಾನೆಗೂ ನಿಕಾನ್‌ನ ಸೆಂದಾಯ್ ಕಾರ್ಖಾನೆಗೂ ಪೆಟ್ಟಾಯಿತು. ಆ ವರ್ಷದ ಫೆಬ್ರವರಿಯಲ್ಲಷ್ಟೇ ಕ್ಯಾನನ್‌ನವರು 500 ಮತ್ತು 600 ಮಿ.ಮೀ.ಯ ಹೊಸ ಲೆನ್ಸುಗಳನ್ನು ಪ್ರಕಟಿಸಿದ್ದರು. ಅವು ಜನರ ಕೈ ಸೇರಿದ್ದು 2012ರಲ್ಲಿ. ಭೂಕಂಪದ ವರ್ಷದಲ್ಲೇ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಪ್ರವಾಹ. ಅಯುತ್ಥಯಾದಲ್ಲಿ ನಿಕಾನ್ ಕಾರ್ಖಾನೆಯ ನೆಲ ಅಂತಸ್ತು ನೀರಿನಲ್ಲಿ ಮುಳುಗಿತು. ಸೋನಿಯದೂ ಅಲ್ಲೇ ಇತ್ತು, ಅದೂ ಮುಳುಗಿತು. ಅಯೋಧ್ಯೆಯ ಹೆಸರಿನ ಊರಿನಲ್ಲಿ ನೆರೆ ಬಂದರೆ ಬೆಂಗಳೂರಿನ ಅಂಗಡಿಯಲ್ಲಿ ಲೆನ್ಸಿಲ್ಲ ಎಂಬುದು ನಾವು ಬಿ.ಕಾಂ.ನಲ್ಲಿ ಓದಿದ ವಾಣಿಜ್ಯ ಭೂಗೋಳದಲ್ಲಿ ಇರಲಿಲ್ಲ.

ಆಮೇಲೆ ಕೊರೊನಾ ಕಾಲದ ಚಿಪ್ಪಿನ ಬರ. ಈಗಿನ ಲೆನ್ಸು ಬರೀ ಗಾಜಲ್ಲ, ಅದರೊಳಗೆ ಪುಟ್ಟ ಮೋಟಾರು, ಕೈ ನಡುಕ ಸರಿಪಡಿಸುವ ಯಂತ್ರ, ಅದಕ್ಕೆಲ್ಲ ಬುದ್ಧಿ ಹೇಳುವ ಚಿಪ್ಪು. ಒಂದು ಚಿಪ್ಪು ಬರದಿದ್ದರೆ ಉಳಿದದ್ದೆಲ್ಲ ಸಿದ್ಧವಿದ್ದೂ ಕಾಯಬೇಕು. 2021, 2022ರಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳು ಒಂದರ ಹಿಂದೊಂದು ಗ್ರಾಹಕರ ಕ್ಷಮೆ ಕೇಳಿ ಪ್ರಕಟಣೆ ಹೊರಡಿಸಿದವು.

ಇನ್ನು ಕೆಲವು ಬರಗಳು ಅಂದಾಜು ತಪ್ಪಿದ್ದರಿಂದ ಬರುವಂಥವು. ನಿಕಾನ್‌ನವರು 2018ರ ಆಗಸ್ಟಿನಲ್ಲಿ 500 ಮಿ.ಮೀ.ಯ ಹಗುರ ಲೆನ್ಸೊಂದನ್ನು ಪ್ರಕಟಿಸಿದರು. ತೂಕ 1460 ಗ್ರಾಂ. ಅವರದೇ ಇನ್ನೊಂದು 500 ಮಿ.ಮೀ. ಲೆನ್ಸು 3 ಕೆ.ಜಿ.ಗೂ ಹೆಚ್ಚು. ಹೇಗೆ ಸಾಧ್ಯವಾಯಿತೆಂದರೆ, ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಸಮುದ್ರದ ದೀಪಸ್ತಂಭಗಳಿಗಾಗಿ ಉಂಗುರ ಉಂಗುರವಾಗಿ ಕೆತ್ತಿದ ಮಸೂರವನ್ನು ಯೋಚಿಸಿದ್ದರು. 1823ರಲ್ಲಿ ಅದನ್ನು ಕೊರ್ದುವಾನ್ ದೀಪಸ್ತಂಭಕ್ಕೆ ಜೋಡಿಸಿದರು. ಅದೇ ಮನೆತನದ ಉಪಾಯವನ್ನು ಈ ಲೆನ್ಸಿಗೆ ಬಳಸಿದರು. ತ್ರಿಪಾದಿಯಿಲ್ಲದೆ ಕೈಯಲ್ಲೇ ಹಿಡಿದು ಹಾರುವ ಹಕ್ಕಿಯ ಚಿತ್ರ ತೆಗೆಯಬಹುದೆಂದರೆ ಯಾರು ಬಿಡುತ್ತಾರೆ? ಅಂದುಕೊಂಡದ್ದಕ್ಕಿಂತ ಹೆಚ್ಚು ಬೇಡಿಕೆ ಬಂದು ಮಾರಾಟದ ದಿನವನ್ನೇ ಸೆಪ್ಟೆಂಬರಿಗೆ ಮುಂದೂಡಿದರು. ಆಮೇಲೂ ಜನ ತಿಂಗಳುಗಟ್ಟಲೆ ಕಾದರು.

ಕಾಯುವುದು ಇದ್ದಲ್ಲಿ ಪಟ್ಟಿ ಇರುತ್ತದೆ. ಪಟ್ಟಿ ಇದ್ದಲ್ಲಿ ನನ್ನಂಥ ಗುಮಾಸ್ತನ ಕಿವಿ ನೆಟ್ಟಗಾಗುತ್ತದೆ.

ನನ್ನ ತಂಗಿಯ ಮಗ ಮೈಸೂರಿನಲ್ಲಿದ್ದಾನೆ. ಭಾನುವಾರ ಬಂತೆಂದರೆ ರಂಗನತಿಟ್ಟು. ಸಂಬಳದಲ್ಲಿ ನಾಲ್ಕು ವರ್ಷ ಉಳಿಸಿ ಒಂದು ಉದ್ದ ಲೆನ್ಸಿಗೆ ಹಣ ಮಾಡಿಕೊಂಡ. ಕಂಪನಿಯ ಹೆಸರು ಬೇಡ, ಅಂಗಡಿಯ ಹೆಸರಂತೂ ಬೇಡವೇ ಬೇಡ. ಮುಂಗಡ ಕೊಟ್ಟ, ‘ನಿಮ್ಮದು ಏಳನೇ ನಂಬರ್’ ಎಂದರು. ಮೂರು ತಿಂಗಳಾದ ಮೇಲೆ ವಿಚಾರಿಸಿದರೆ ಏಳನೇ ನಂಬರೇ. ಆರು ತಿಂಗಳಾದ ಮೇಲೂ ಏಳೇ. ಅಷ್ಟರಲ್ಲಿ ಅವನ ಪಕ್ಷಿ ಗೆಳೆಯನೊಬ್ಬ, ಮುಂಗಡವನ್ನೇ ಕೊಡದವನು, ಅದೇ ಅಂಗಡಿಯಿಂದ ಅದೇ ಲೆನ್ಸು ತಂದು ತೋರಿಸಿದ.

ಹುಡುಗ ಸಂಕೋಚದವನು. ನಾನು ಜೊತೆಗೆ ಹೋದೆ. ಪಟ್ಟಿ ತೋರಿಸಿ ಎಂದೆ. ‘ಸಿಸ್ಟಮ್ಮಿನಲ್ಲಿದೆ ಸಾರ್’ ಎಂದರು. ಸಿಸ್ಟಮ್ಮಿನಿಂದ ಒಂದು ಪ್ರತಿ ತೆಗೆಯಿರಿ, ಹೆಸರು ಬೇಡ, ನಂಬರು ಮತ್ತು ತಾರೀಖು ಸಾಕು ಎಂದೆ. ಸ್ವಲ್ಪ ಹೊತ್ತು ಕಾಫಿ, ನೀರು ಎಂದೆಲ್ಲ ಉಪಚಾರವಾಯಿತು. ಕೊನೆಗೆ ಹೊರಬಿದ್ದದ್ದು ಇಷ್ಟು: ಬಂದದ್ದು ಮೂರು ಲೆನ್ಸು. ಒಂದು ಮೊದಲ ನಂಬರಿನವರಿಗೆ ಹೋಯಿತು, ಇನ್ನೊಂದು ಎರಡನೆಯವರಿಗೆ. ಮೂರನೆಯದು, ಜೊತೆಗೆ ಕ್ಯಾಮೆರಾ, ಬ್ಯಾಗು, ತ್ರಿಪಾದಿ ಎಲ್ಲ ಒಟ್ಟಿಗೆ ಕೊಂಡವರಿಗೆ. ‘ಅವರು ದೊಡ್ಡ ಗಿರಾಕಿ ಸಾರ್, ಬಿಟ್ಟರೆ ಹೋಗ್ತಾರೆ’ ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಂಗಡಿ ಬಾಡಿಗೆ ನ್ಯಾಯದಿಂದ ಹುಟ್ಟುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಏಳು ಜನರ ಮುಂಗಡವನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟುಕೊಂಡು ಎಂಟನೆಯವನಿಗೆ ಬಾಗಿಲು ತೆರೆಯುವುದಾದರೆ ಆ ಏಳು ಜನರ ದುಡ್ಡು ಏನು? ಬಡ್ಡಿಯಿಲ್ಲದ ಸಾಲ. ಬ್ಯಾಂಕಿನಲ್ಲಿ ಒಂದು ದಿನದ ಮಟ್ಟಿಗೆ ಐದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಒಂಬತ್ತರ ತನಕ ಹುಡುಕುತ್ತಿದ್ದವರು ನಾವು. ಇದನ್ನು ನಾನು ಅವರಿಗೆ ಮೆಲುದನಿಯಲ್ಲೇ ಹೇಳಿದೆ.

ಮುಂಗಡ ವಾಪಸು ಪಡೆದೆವು. ಬೇರೆ ಕಡೆ ಬರೆಸಿದ. ಅಲ್ಲಿ ಹನ್ನೊಂದನೇ ನಂಬರು. ಲೆನ್ಸು ಬಂದದ್ದು ಅದಾಗಿ ಐದು ತಿಂಗಳಿಗೆ. ಅಷ್ಟು ಹೊತ್ತಿಗೆ ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆಗಳು ಮರಿಗಳನ್ನು ಹಾರಿಸಿಕೊಂಡು ಹೋಗಿಯಾಗಿತ್ತು. ‘ನಿನ್ನ ನ್ಯಾಯದ ದೆಸೆಯಿಂದ ಅವನಿಗೆ ಒಂದು ಸೀಸನ್ ಹೋಯಿತು’ ಎಂದು ತಂಗಿ ಈಗಲೂ ಹಬ್ಬಕ್ಕೆ ಬಂದಾಗ ಎತ್ತಿ ಆಡುತ್ತಾಳೆ. ಅವಳು ಹೇಳುವುದರಲ್ಲಿ ಲೆಕ್ಕ ಸರಿಯಿದೆ. ನಾಳೆ ಇನ್ನೊಂದು ಅಂಗಡಿಗೆ ಹೋದರೂ ನಾನು ಪಟ್ಟಿಯನ್ನೇ ಕೇಳುವವನು. ಹುಡುಗನಂತೂ ಆ ಸೀಸನ್ನಿನಲ್ಲಿ ಹಳೆಯ ಗಿಡ್ಡ ಲೆನ್ಸಿನಲ್ಲೇ ಮಳೆಯಲ್ಲಿ ರೆಕ್ಕೆ ಕೊಡೆಯಂತೆ ಹರಡಿ ಮರಿಗಳನ್ನು ಮುಚ್ಚಿಕೊಂಡ ಕೊಕ್ಕರೆಯೊಂದರ ಚಿತ್ರ ತೆಗೆದ. ಸುತ್ತಲಿನ ಕೊಂಬೆ, ನೀರು, ಮೋಡ ಎಲ್ಲವೂ ಅದರಲ್ಲಿದೆ. ನಮ್ಮ ಮನೆಯ ಗೋಡೆಯಲ್ಲಿರುವುದು ಅದೇ.

ಹಿಂದಿನವರೂ ಕಾದವರೇ. ಸಂಡೂರಿನ ಎಂ.ವೈ. ಘೋರ್ಪಡೆ ನಮ್ಮ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಬಜೆಟ್ ಓದಿದ ಕಣ್ಣಲ್ಲೇ ಆನೆ ಹುಲಿಗಳನ್ನೂ ನೋಡಿದವರು. ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್ ಮತ್ತು ಇ. ಹನುಮಂತರಾವ್, ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ. ತಾನಾಗಿ ಫೋಕಸ್ ಮಾಡುವ ಲೆನ್ಸು ಬರುವ ಮೊದಲೇ ಇವರು ಹಕ್ಕಿ, ಪ್ರಾಣಿಗಳ ಮುಂದೆ ಕಾದು ಕೂತವರು. ಈಗ ಕೊಳ್ಳಲಾಗದವರು ದಿನದ ಬಾಡಿಗೆಗೆ ಲೆನ್ಸು ತರುತ್ತಾರೆ, ಒಳ್ಳೆಯ ಅನುಕೂಲ.

ವೃತ್ತಿಯಲ್ಲಿರುವ ಛಾಯಾಗ್ರಾಹಕರಿಗೆ ದೊಡ್ಡ ಕಂಪನಿಗಳು ಬೇರೆ ಸಾಲು ಇಡುತ್ತವೆ. ಪತ್ರಿಕೆಯವರಿಗೆ, ಒಲಿಂಪಿಕ್ಸಿಗೆ ಹೋಗುವವರಿಗೆ ಮೊದಲು ಕೊಡುವುದುಂಟು. ಇದಕ್ಕೆ ನನ್ನ ತಕರಾರಿಲ್ಲ. ಬ್ಯಾಂಕಿನಲ್ಲಿ ಹಿರಿಯರಿಗೆ ಬೇರೆ ಕೌಂಟರ್ ಇರುವಂತೆ. ಬೋರ್ಡು ತೂಗುಹಾಕಿರಬೇಕು, ಅಷ್ಟೇ. ಬೋರ್ಡಿಲ್ಲದ ಕೌಂಟರೇ ತೊಂದರೆ.

ಒಂದು ದೇಶಕ್ಕೆ ದೇಶವೇ ಲೆನ್ಸಿಗೆ ಕಾದ ಕಥೆಯನ್ನು ಹೇಳದಿದ್ದರೆ ಈ ಲೆಕ್ಕ ಅರ್ಧವಾಗುತ್ತದೆ. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದಾಗ ಮಸೂರದ ಗಾಜಿನಲ್ಲಿ ಜರ್ಮನಿಯದೇ ಮೇಲುಗೈ. ಬ್ರಿಟನ್ ತನಗೆ ಬೇಕಾದದ್ದರಲ್ಲಿ ಬಹುಪಾಲನ್ನು ಹೊರಗಿನಿಂದ, ಹೆಚ್ಚಾಗಿ ಜರ್ಮನಿಯಿಂದಲೇ ತರಿಸುತ್ತಿತ್ತು. ಯಾರ ಜೊತೆ ಯುದ್ಧವೋ ಅವರ ಗಾಜಿಲ್ಲದೆ ದುರ್ಬೀನಿಲ್ಲ! ಬರ್ಮಿಂಗ್‌ಹ್ಯಾಮ್ ಹತ್ತಿರದ ಚಾನ್ಸ್ ಬ್ರದರ್ಸ್‌ನವರು ಹಗಲಿರುಳು ಗಾಜು ಕರಗಿಸಬೇಕಾಯಿತು. ದೂರದ ಜಪಾನಿಗೂ ಅದೇ ಬಿಸಿ ತಟ್ಟಿ, 1917ರಲ್ಲಿ ಅಲ್ಲೊಂದು ಮಸೂರದ ಕಂಪನಿ ಹುಟ್ಟಿತು, ನಿಪ್ಪಾನ್ ಕೊಗಾಕು ಎಂದು. ಯುದ್ಧ ಮುಗಿದ ಮೇಲೆ ಅವರು ಜರ್ಮನಿಯಿಂದಲೇ ಎಂಟು ಜನ ಎಂಜಿನಿಯರುಗಳನ್ನು ಕರೆಸಿ ಕಲಿತರು. ಅದೇ ಕಂಪನಿ ಇಂದಿನ ನಿಕಾನ್. ಸ್ವಾತಂತ್ರ್ಯ ಬಂದ ಮೇಲೆ ನಮಗೂ ಆ ಕಷ್ಟ ತಪ್ಪಲಿಲ್ಲ. ಗಾಜಿನ ಗುಟ್ಟನ್ನು ಹೊರಗಿನವರು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಕಲ್ಕತ್ತೆಯ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯಲ್ಲಿ ಡಾ. ಆತ್ಮಾರಾಮ್ ಅವರೂ ಸಂಗಡಿಗರೂ ತಾವೇ ದಾರಿ ಹುಡುಕಿದರು. 1960ರ ದಶಕದ ಆರಂಭಕ್ಕೆ ಮಸೂರದ ಗಾಜು ಇಲ್ಲೇ ತಯಾರಾಯಿತು.

ಅಮೆರಿಕದವರು 1917ರಲ್ಲಿ ಯುದ್ಧಕ್ಕೆ ಇಳಿದಾಗ ಅವರಿಗೂ ಮಸೂರ ಸಾಲದು. ಗಾಜು ಮಾಡಲು ಕಲಿಯುವ ತನಕ ಶತ್ರು ಕಾಯುವುದಿಲ್ಲ. ವಿಮಾನದಿಂದ ಚಿತ್ರ ತೆಗೆಯಲು ಒಳ್ಳೆಯ ಲೆನ್ಸು ಕೊಡಿ ಎಂದು ಸೇನೆ ಛಾಯಾಗ್ರಾಹಕರನ್ನು ಕೇಳಿತು. ನೌಕಾಪಡೆ ಇನ್ನೂ ಮುಂದೆ ಹೋಗಿ, ಮನೆಯಲ್ಲಿರುವ ದುರ್ಬೀನುಗಳನ್ನು ಕಳಿಸಿ, ನಮ್ಮ ಹಡಗುಗಳಿಗೆ ಕಣ್ಣಾಗಿ ಎಂದು ಊರೂರಿಗೂ ಮನವಿ ಮಾಡಿತು. ಮನವಿಯ ಹೊಣೆ ಹೊತ್ತವರು ಆಗ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್. ಮುಂದೆ ಅಧ್ಯಕ್ಷರಾದವರು. ಸಾವಿರಾರು ದುರ್ಬೀನುಗಳು ಬಂದವು. ಆದರೆ ಪುಕ್ಕಟೆಯಾಗಿ ತೆಗೆದುಕೊಳ್ಳಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ. ಅದಕ್ಕೆ ಪ್ರತಿಯೊಂದಕ್ಕೂ ಒಂದು ಡಾಲರ್ ಬಾಡಿಗೆ ಎಂದು ನಿಗದಿ ಮಾಡಿದರು. ಕಳಿಸಿದವರ ಹೆಸರು ವಿಳಾಸವನ್ನು ಚೀಟಿಯಲ್ಲಿ ಬರೆದು ಕಟ್ಟಿದರು. ಯುದ್ಧ ಮುಗಿದ ಮೇಲೆ ಉಳಿದವನ್ನು ಹುಡುಕಿ ಅವರವರ ಮನೆಗೆ ವಾಪಸು ಕಳಿಸಿದರು.

ಹುಡುಗನಿಗೆ ಈ ಕಥೆ ಹೇಳಿದಾಗ ಅವನಿಗೆ ಹಿಡಿಸಿದ್ದು ಹಡಗು. ನನಗೆ ಆ ಒಂದೊಂದು ಡಾಲರಿನದೇ ಯೋಚನೆ. ಸಾವಿರಾರು ಜನರಿಗೆ ಸಾವಿರಾರು ಸಲ ಒಂದೊಂದೇ ಡಾಲರು. ಅಷ್ಟನ್ನೂ ಯಾರೋ ಗುಮಾಸ್ತರು ಕೂತು ಕೈಯಲ್ಲಿ ಬರೆದು, ಕೂಡಿ, ತಾಳೆ ನೋಡಿರಬೇಕು.